ಮೊಬೈಲ್ ವಿಕಿರಣದ ಮಿತಿ: ಈ ಗಡಿಕಲ್ಲನ್ನು ನೆಟ್ಟವರು ಯಾರು?

ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ, ಅಲ್ಲಿಂದ ಹದಿನಾರು ಕಿಲೋಮೀಟರ್ ದೂರದ ಬೇಲೂರಿಗೆ ಬಸ್ಸಿನಲ್ಲಿ ಹೋಗುವವರಿಗೆ ದಾರಿಯುದ್ದಕ್ಕೂ ತೆಂಗಿನ ತೋಟಗಳು ಕಾಣುತ್ತವೆ. ಇಪ್ಪತ್ತೈದು ವರ್ಷಗಳ ಹಿಂದೆ ಇಲ್ಲಿ ತೆಂಗಿನ ಮರಕ್ಕಿಂತ ಎತ್ತರವಾದದ್ದು ಅಪರೂಪವಾಗಿತ್ತು. ಈಗ ತೋಟಗಳ ತಲೆಯ ಮೇಲೆ, ಊರೊಳಗಿನ ಮಹಡಿ ಮನೆಗಳ ಮೇಲೆ ಮೊಬೈಲ್ ಟವರುಗಳು ನಿಂತಿವೆ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್‌ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದಾಗ ಅದು ಸಿರಿವಂತರ ವಸ್ತುವಾಗಿತ್ತು. 2002ರ ಅಕ್ಟೋಬರಿನಲ್ಲಿ ಬಿಎಸ್ಸೆನ್ನೆಲ್ ಮೊಬೈಲ್ ಸೇವೆ ಆರಂಭಿಸಿತು. 2003ರ ಮೇ ತಿಂಗಳಿನಿಂದ ಒಳಬರುವ ಕರೆಗಳು ಉಚಿತವಾದವು. ಆಮೇಲೆ ಅದು ತೆಂಗಿನಕಾಯಿ ಕೀಳುವವರ, ಆಟೋ ಓಡಿಸುವವರ, ಕೊಪ್ಪರಿ ವ್ಯಾಪಾರಿಗಳ ಜೇಬಿಗೂ ಬಂತು.

ಟವರಿನ ಜೊತೆಗೇ ಒಂದು ಪ್ರಶ್ನೆಯೂ ಊರೂರಿಗೆ ಬಂತು. “ಇದರ ಪಕ್ಕದಲ್ಲಿ ಮಕ್ಕಳನ್ನು ಮಲಗಿಸಬಹುದೇ?” ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿವೆ. ಗುಬ್ಬಿಗಳು ಹೋದವು, ಇನ್ನು ನಮ್ಮ ಸರದಿ ಎನ್ನುವುದು ಒಂದು. ಏನೂ ಆಗುವುದಿಲ್ಲ, ಸುಮ್ಮನಿರಿ ಎನ್ನುವುದು ಇನ್ನೊಂದು. ಹೇಳುವವರ ದನಿ ಬೇರೆಯಾದರೂ ಎರಡರಲ್ಲೂ ಒಂದು ಕೊರತೆಯಿದೆ. ಎಷ್ಟು ಎಂಬುದನ್ನು ಯಾರೂ ಕೇಳುವುದಿಲ್ಲ. ಆ ‘ಎಷ್ಟು’ ಎಂಬುದಕ್ಕೆ ಜಗತ್ತು ಒಂದು ಮಿತಿಯನ್ನು ಹಾಕಿಕೊಂಡಿದೆ. ಅದನ್ನು ಯಾರು, ಯಾವಾಗ, ಯಾವ ಲೆಕ್ಕದಲ್ಲಿ ಹಾಕಿದರು? ಆ ಚರಿತ್ರೆಯನ್ನು ಅರಿಯದೆ ಹೆದರುವುದೂ ಸರಿಯಲ್ಲ, ನಿಶ್ಚಿಂತರಾಗುವುದೂ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಎಲ್ಲೆ ಕಟ್ಟುವ ಹಳೆಯ ಕ್ರಮ

ಮಿತಿ ಎಂಬುದು ಈ ನೆಲಕ್ಕೆ ಹೊಸ ಮಾತಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾಯಿತು. ಅರಸೀಕೆರೆಯ ಈಶ್ವರ ದೇವಾಲಯ 1220ರ ಸುಮಾರಿನದು. ಈ ಕಾಲದ ದತ್ತಿ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟದಲ್ಲಿ ಸಂಗ್ರಹಿಸಿದ್ದಾರೆ. ಇಂಥ ಶಾಸನಗಳಲ್ಲಿ ಕೊಟ್ಟ ಭೂಮಿಯ ಎಲ್ಲೆಯನ್ನು ನಾಲ್ಕು ದಿಕ್ಕುಗಳಲ್ಲಿಯೂ ಹೇಳುವ ಪದ್ಧತಿಯಿತ್ತು. ಮೂಡಣಕ್ಕೆ ಕೆರೆ, ತೆಂಕಣಕ್ಕೆ ಮರ, ಪಡುವಣಕ್ಕೆ ನೆಟ್ಟ ಕಲ್ಲು ಎಂಬಂತೆ ಯಾರು ಬೇಕಾದರೂ ಹೋಗಿ ನೋಡಿ ಬರಬಹುದಾದ ಗುರುತುಗಳನ್ನೇ ಬರೆಯುತ್ತಿದ್ದರು. ಶಾಸನದ ಕಲ್ಲನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಅಂದರೆ ಎಲ್ಲೆಗೆ ಅಳತೆ ಬೇಕು, ಅದು ಬಹಿರಂಗವಾಗಿರಬೇಕು, ಮೀರಿದವನಿಗೆ ದಂಡನೆ ಇರಬೇಕು ಎಂಬ ತಿಳಿವಳಿಕೆ ಎಂಟುನೂರು ವರ್ಷಗಳ ಹಿಂದೆಯೇ ಇತ್ತು.

ಇದೇ ಬೇಲೂರು, ಹಳೇಬೀಡುಗಳಲ್ಲಿ ಇಂದೂ ಒಂದು ಎಲ್ಲೆ ಇದೆ. ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ ಕನಿಷ್ಠ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಎಲ್ಲೆಯ ಬೆಲೆ ಇನ್ನೂ ಹೆಚ್ಚಿದೆ. ಕಲ್ಲಿನ ಶಿಲ್ಪಗಳಿಗೆ ಮೀಟರಿನ ಲೆಕ್ಕದಲ್ಲಿ ರಕ್ಷಣೆ ಸಿಕ್ಕಿತು. ಅದೇ ಊರಿನಲ್ಲಿ ಉಸಿರಾಡುವ ಮನುಷ್ಯನಿಗೆ ಅಲೆಗಳಿಂದ ಏನು ರಕ್ಷಣೆ? ಅದಕ್ಕೆ ಮೀಟರಿನ ಅಳತೆ ಸಾಲದು. ಚದರ ಮೀಟರಿಗೆ ಎಷ್ಟು ವ್ಯಾಟ್ ಎಂಬ ಇನ್ನೊಂದು ಅಳತೆ ಬೇಕು.

ಅಲೆಗಳು ನಮ್ಮ ನಡುವೆ ಬಂದ ಬಗೆ

ರೇಡಿಯೋ ಅಲೆಗಳು ಮೊಬೈಲಿನ ಜೊತೆ ಹುಟ್ಟಿದವಲ್ಲ. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಟೌನ್‌ಹಾಲಿನಲ್ಲಿ ಕಣ್ಣಿಗೆ ಕಾಣದ ಅಲೆಗಳನ್ನು ಗೋಡೆಗಳಾಚೆ ದಾಟಿಸಿ ಗಂಟೆ ಬಾರಿಸಿ ತೋರಿಸಿದರು. ಇಂದಿನ 5ಜಿ ಸೇವೆಗೆ ಮೀಸಲಿಟ್ಟ ಕೆಲವು ಅತಿ ಕಿರಿದಾದ ಅಲೆಗಳು ಬೋಸರು ಅಂದು ಪಳಗಿಸಿದ ಮಿಲಿಮೀಟರ್ ಅಲೆಗಳ ಬಳಗಕ್ಕೇ ಸೇರಿದವು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟ್‌ಗಳ ಪ್ರೇಷಕವಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದರು. ಮುಂದೆ ಇಡೀ ದೇಶದ ಬಾನುಲಿಗೆ ಆ ಹೆಸರೇ ನಿಂತಿತು.

ಇನ್ನು ಹಾಸನ. ಅರಸೀಕೆರೆ, ಬೇಲೂರಿನವರು ಜಿಲ್ಲಾ ಕಚೇರಿಯ ಕೆಲಸಕ್ಕೆ ಹೋಗುವ ಈ ಊರಿನಲ್ಲಿ 1982ರಿಂದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿದೆ. ನೆಲದಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ಇನ್ಸಾಟ್ ಉಪಗ್ರಹಗಳೊಡನೆ ಮಾತಾಡುವ ದೊಡ್ಡ ತಟ್ಟೆ ಆಂಟೆನಾಗಳು ಅಲ್ಲಿವೆ. ಅವೂ ಮೊಬೈಲ್ ಟವರಿನಂತೆ ರೇಡಿಯೋ ಅಲೆಗಳನ್ನೇ ಕಳಿಸುತ್ತವೆ. ಆದರೆ ಅವುಗಳ ಮುಖ ಆಕಾಶದ ಕಡೆಗೆ. ಅಲೆ ಇದೆಯೇ ಇಲ್ಲವೇ ಎಂದಷ್ಟೇ ಕೇಳಿದರೆ ಸಾಲದು. ಅದರ ಶಕ್ತಿ ಎಷ್ಟು, ಮುಖ ಯಾವ ಕಡೆಗೆ, ನಾವಿರುವುದು ಎಷ್ಟು ದೂರದಲ್ಲಿ ಎಂಬುದನ್ನು ಕೇಳಬೇಕು ಎಂಬ ಮೊದಲ ಪಾಠವನ್ನು ಹಾಸನವೇ ನಮಗೆ ಕಲಿಸುತ್ತದೆ.

ಎರಡನೆಯ ಪಾಠ ‘ವಿಕಿರಣ’ ಎಂಬ ಪದದ್ದು. ಎಕ್ಸ್‌ರೇ, ಅಣುಸ್ಥಾವರದ ಗಾಮಾ ಕಿರಣ, ಒಲೆಯ ಕಾವು, ದೀಪದ ಬೆಳಕು, ರೇಡಿಯೋ ಅಲೆ ಎಲ್ಲವೂ ವಿಕಿರಣಗಳೇ. ಎಕ್ಸ್‌ರೇ ಮತ್ತು ಗಾಮಾ ಕಿರಣಗಳು ಜೀವಕೋಶದೊಳಗಿನ ಅಣುಗಳ ಬಂಧವನ್ನೇ ಮುರಿಯಬಲ್ಲವು. ರೇಡಿಯೋ ಅಲೆಗೆ ಆ ಬಲವಿಲ್ಲ. ಅದು ಮಾಡುವುದು ಖಚಿತವಾಗಿ ಗೊತ್ತಿರುವ ಒಂದು ಕೆಲಸವನ್ನು: ದೇಹದೊಳಗಿನ ನೀರಿನ ಅಂಶವನ್ನು ಬಿಸಿ ಮಾಡುವುದು. ಅಡುಗೆ ಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಹಾಗೆಯೇ. ಮಿತಿಯ ಚರಿತ್ರೆ ಆರಂಭವಾಗುವುದು ಈ ಬಿಸಿಯಿಂದ.

ಒಂದು ಸಂಖ್ಯೆ ಹುಟ್ಟಿದ ಕಥೆ

ಎರಡನೇ ಮಹಾಯುದ್ಧದಲ್ಲಿ ರಾಡಾರ್ ಬಂತು. ಅದರ ಮುಂದೆ ದುಡಿಯುವ ಸೈನಿಕರಿಗೆ ಏನಾಗುತ್ತದೆ ಎಂಬ ಪ್ರಶ್ನೆಯೂ ಬಂತು. ಜರ್ಮನಿಯಿಂದ ಅಮೆರಿಕಕ್ಕೆ ಬಂದಿದ್ದ ವಿಜ್ಞಾನಿ ಹರ್ಮನ್ ಶ್ವಾನ್ 1953ರಲ್ಲಿ ಒಂದು ಲೆಕ್ಕ ಹಾಕಿದರು. ದೇಹ ತಾನಾಗಿ ಹೊರಹಾಕಬಲ್ಲಷ್ಟೇ ಬಿಸಿ ಒಳಗೆ ಸೇರಿದರೆ ಅಪಾಯವಿಲ್ಲ ಎಂಬ ತರ್ಕದಿಂದ ಚದರ ಮೀಟರಿಗೆ 100 ವ್ಯಾಟ್ ಎಂಬ ಮಿತಿಯನ್ನು ಸೂಚಿಸಿದರು. 1966ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಅದನ್ನೇ ಸ್ವೀಕರಿಸಿತು.

ಆ ಹೊತ್ತಿಗೆ ಸೋವಿಯತ್ ಒಕ್ಕೂಟದಲ್ಲಿ ದಿನವಿಡೀ ದುಡಿಯುವ ಕಾರ್ಮಿಕರಿಗೆ ಚದರ ಮೀಟರಿಗೆ 0.1 ವ್ಯಾಟ್ ಎಂಬ ಮಿತಿ ಜಾರಿಯಲ್ಲಿತ್ತು. ಎರಡರ ನಡುವೆ ಒಂದು ಸಾವಿರ ಪಟ್ಟು ಅಂತರ! ಒಂದೇ ಭೌತವಿಜ್ಞಾನ, ಒಂದೇ ಮನುಷ್ಯದೇಹ, ಆದರೂ ಹೀಗೇಕೆ? ಅಮೆರಿಕದವರು ದೇಹ ಬಿಸಿಯಾಗುವುದನ್ನು ಮಾತ್ರ ಹಾನಿಯೆಂದು ಎಣಿಸಿದರು. ಸೋವಿಯತ್ ವೈದ್ಯರು ಕಾರ್ಮಿಕರು ಹೇಳಿಕೊಂಡ ತಲೆನೋವು, ಆಯಾಸ, ನಿದ್ರಾಹೀನತೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಪ್ರಯೋಗಶಾಲೆ ಅಳತೆಯನ್ನು ಕೊಡುತ್ತದೆ. ಅದರಲ್ಲಿ ಯಾವುದನ್ನು ಹಾನಿ ಎಂದು ಕರೆಯಬೇಕು, ಎಷ್ಟು ಎಚ್ಚರ ವಹಿಸಬೇಕು ಎಂಬುದನ್ನು ಸಮಾಜ ತೀರ್ಮಾನಿಸುತ್ತದೆ.

ಮುಂದೆ ಲೆಕ್ಕ ಇನ್ನಷ್ಟು ಸೂಕ್ಷ್ಮವಾಯಿತು. ಗಾಳಿಯಲ್ಲಿರುವ ಶಕ್ತಿಗಿಂತ ದೇಹ ಹೀರಿಕೊಳ್ಳುವ ಶಕ್ತಿ ಮುಖ್ಯ ಎಂದು ಗೊತ್ತಾದ ಮೇಲೆ ಒಂದು ಕಿಲೋಗ್ರಾಂ ದೇಹತೂಕಕ್ಕೆ ಎಷ್ಟು ವ್ಯಾಟ್ ಎಂಬ ಅಳತೆ ಬಳಕೆಗೆ ಬಂತು. ಇದನ್ನೇ ಎಸ್‌ಎಆರ್ ಎನ್ನುತ್ತಾರೆ. ಆಹಾರಕ್ಕಾಗಿ ಸನ್ನೆಗುಂಡಿ ಒತ್ತುವುದನ್ನು ಕಲಿತ ಇಲಿ, ಕೋತಿಗಳ ಮೇಲೆ ಅಲೆಗಳನ್ನು ಹಾಯಿಸಿ ನೋಡಿದರು. ಕಿಲೋಗೆ ಸುಮಾರು 4 ವ್ಯಾಟ್ ತಲುಪಿದಾಗ ಮೈ ಬಿಸಿ ಒಂದು ಡಿಗ್ರಿಯಷ್ಟು ಏರಿ, ಅವು ಕಲಿತ ಕೆಲಸವನ್ನು ಬಿಡುತ್ತಿದ್ದವು. ಈ 4ನ್ನು ಹತ್ತರಿಂದ ಭಾಗಿಸಿ ಕೆಲಸಗಾರರಿಗೆ 0.4 ಎಂದು ಇಟ್ಟರು. ಸಾಮಾನ್ಯ ಜನರಲ್ಲಿ ಮಕ್ಕಳು, ಮುದುಕರು, ರೋಗಿಗಳು, ಗರ್ಭಿಣಿಯರು ಇರುತ್ತಾರೆ ಎಂದು ಮತ್ತೆ ಐದರಿಂದ ಭಾಗಿಸಿ 0.08 ಎಂದು ಇಟ್ಟರು. ಅಂದರೆ ಹಾನಿ ಕಂಡ ಮಟ್ಟದ ಐವತ್ತನೆಯ ಒಂದು ಪಾಲು. ಅಯಾನೀಕರಿಸದ ವಿಕಿರಣಗಳ ಅಂತಾರಾಷ್ಟ್ರೀಯ ಆಯೋಗ, ಅಂದರೆ ಐಸಿಎನ್‌ಐಆರ್‌ಪಿ, 1998ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ತಳಹದಿ ಇದು. 900 ಮೆಗಾಹರ್ಟ್ಸ್ ಅಲೆಗೆ ಚದರ ಮೀಟರಿಗೆ 4.5 ವ್ಯಾಟ್, 1800 ಮೆಗಾಹರ್ಟ್ಸ್ ಅಲೆಗೆ 9 ವ್ಯಾಟ್ ಎಂದು ಅದು ಹೇಳಿತು.

ಹಾಗಾಗಿ ಈ ಮಿತಿಯ ಆಚೆ ವಿಷ, ಈಚೆ ಅಮೃತ ಎಂದು ತಿಳಿಯಬಾರದು. ಪ್ರಪಾತದಿಂದ ಸಾಕಷ್ಟು ಹಿಂದೆ ಹಾಕಿದ ಬೇಲಿ ಅದು. ಆ ಬೇಲಿ ಬಿಸಿಯೆಂಬ ಪ್ರಪಾತವನ್ನು ನೋಡಿ ಹಾಕಿದ್ದು ಎಂಬುದನ್ನೂ ಮರೆಯಬಾರದು. ಬಿಸಿಯಲ್ಲದ ಬೇರೆ ಹಾನಿ ಇದೆಯೇ ಎಂಬ ಪ್ರಶ್ನೆಯನ್ನು ಸಂಶೋಧಕರು ಇಂದಿಗೂ ಪರೀಕ್ಷಿಸುತ್ತಿದ್ದಾರೆ.

ಮಾಸ್ಕೋದಲ್ಲಿ ಮುಚ್ಚಿಟ್ಟ ಸುದ್ದಿ

ಈ ಚರಿತ್ರೆಯಲ್ಲಿ ಒಂದು ಪ್ರಸಂಗವನ್ನು ನಾವು ಮರೆಯುವಂತಿಲ್ಲ. 1950ರ ದಶಕದಿಂದ 1970ರ ದಶಕದವರೆಗೆ ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯ ಕಟ್ಟಡದ ಮೇಲೆ ಯಾರೋ ಎದುರಿನಿಂದ ಮೈಕ್ರೋವೇವ್ ಅಲೆಗಳನ್ನು ಬಿಡುತ್ತಿದ್ದರು. ಅಮೆರಿಕ ಸರಕಾರಕ್ಕೆ ಇದು ಗೊತ್ತಿತ್ತು. ಅಲೆಯ ಪ್ರಮಾಣ ಅಮೆರಿಕದ ಅಂದಿನ ಮಿತಿಗಿಂತ ಬಹಳ ಕಡಿಮೆಯಿತ್ತು. ಆದರೂ ಅಲ್ಲಿ ಸಂಸಾರ ಸಮೇತ ಬದುಕುತ್ತಿದ್ದ ಸಾಮಾನ್ಯ ನೌಕರರಿಗೆ 1976ರವರೆಗೆ ಅದನ್ನು ತಿಳಿಸಲಿಲ್ಲ. ತಿಳಿದ ಮೇಲೆ ಎದ್ದ ಆಕ್ರೋಶ ಸಣ್ಣದಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಬ್ರಹಾಂ ಲಿಲಿಯನ್‌ಫೆಲ್ಡ್ ಅವರ ತಂಡ ಮಾಸ್ಕೋದಲ್ಲಿ ದುಡಿದ ಸುಮಾರು 1,800 ನೌಕರರ ಆರೋಗ್ಯವನ್ನು ಪೂರ್ವ ಯುರೋಪಿನ ಇತರ ಕಚೇರಿಗಳ ನೌಕರರೊಡನೆ ಹೋಲಿಸಿ 1978ರಲ್ಲಿ ವರದಿ ನೀಡಿತು. ಅಲೆಯಿಂದ ಸಾವು ಹೆಚ್ಚಿದೆ ಎಂಬುದಕ್ಕೆ ಆಧಾರ ಸಿಗಲಿಲ್ಲ.

ಆದರೂ ಆ ನೌಕರರ ಅನುಮಾನ ಪೂರ್ತಿ ಹೋಗಲಿಲ್ಲ. ಇಪ್ಪತ್ತು ವರ್ಷ ಮುಚ್ಚಿಟ್ಟವರು ಒಂದು ದಿನ ಬಂದು ‘ಭಯಪಡಬೇಡಿ’ ಎಂದರೆ ಯಾರು ನಂಬುತ್ತಾರೆ? ನಮ್ಮ ಊರುಗಳಲ್ಲಿಯೂ ಇದೇ ಆಗುತ್ತಿದೆ. ರಾತ್ರೋರಾತ್ರಿ ಕಂಬ ಏರುತ್ತದೆ, ಅಕ್ಕಪಕ್ಕದವರನ್ನು ಯಾರೂ ಕೇಳುವುದಿಲ್ಲ, ಕಾಗದಪತ್ರ ಯಾರಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ. ಆಮೇಲೆ ಬರುವ ಸಮಾಧಾನದ ಮಾತು ನಿಜವೇ ಆಗಿದ್ದರೂ ಕಿವಿಗೆ ಹೋಗುವುದಿಲ್ಲ.

ಕಾಸರಗೋಡು ಕಲಿಸಿದ್ದು

ಕನ್ನಡಿಗರಿಗೆ ಅನುಮಾನಪಡಲು ಇನ್ನೂ ಹತ್ತಿರದ ಕಾರಣವಿದೆ. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಪಡ್ರೆಗಳಂಥ ಗ್ರಾಮಗಳಲ್ಲಿ ಹುಟ್ಟುವ ಮಕ್ಕಳ ಸ್ಥಿತಿಯನ್ನು ಕಂಡು ಸ್ಥಳೀಯ ವೈದ್ಯರು, ಪತ್ರಕರ್ತ ಶ್ರೀ ಪಡ್ರೆಯವರಂಥವರು ಕೂಗಿ ಹೇಳಿದರು. ಔಷಧ ಸುರಕ್ಷಿತ ಎಂಬ ಉತ್ತರ ಬಹಳ ಕಾಲ ಬರುತ್ತಲೇ ಇತ್ತು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು.

ಅದೇ 2011ರ ಮೇ ತಿಂಗಳ 31ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಒಂದು ಪ್ರಕಟಣೆ ನೀಡಿತು. ರೇಡಿಯೋ ಅಲೆಗಳನ್ನು ‘ಪ್ರಾಯಶಃ ಕ್ಯಾನ್ಸರ್ ತರಬಹುದಾದವು’ ಎಂಬ 2ಬಿ ಗುಂಪಿಗೆ ಸೇರಿಸಿದೆವು ಎಂದಿತು. ಒಂದೇ ತಿಂಗಳಲ್ಲಿ ಎರಡು ಸುದ್ದಿ. ಎಂಡೋಸಲ್ಫಾನಿನ ಗಾಯ ಹಸಿಯಾಗಿದ್ದ ಜನ ಎರಡನೆಯ ಸುದ್ದಿಯನ್ನು ಮೊದಲಿನ ಕನ್ನಡಕದಲ್ಲೇ ಓದಿದರು. ಅವರನ್ನು ಮೂಢರೆಂದು ಹಳಿಯುವುದು ಅನ್ಯಾಯ.

ಆದರೆ ಎರಡೂ ಒಂದೇ ಅಲ್ಲ ಎಂಬುದನ್ನು ಹೇಳುವುದೂ ನಮ್ಮ ಕರ್ತವ್ಯ. ಎಂಡೋಸಲ್ಫಾನ್ ನರಗಳಿಗೆ ವಿಷವೆಂದು ಮೊದಲೇ ಗೊತ್ತಿದ್ದ, ನೀರು ಮಣ್ಣುಗಳಲ್ಲಿ ಉಳಿಯುವ ವಸ್ತು. ರೇಡಿಯೋ ಅಲೆ ಯಂತ್ರ ಆರಿಸಿದೊಡನೆ ಇಲ್ಲವಾಗುತ್ತದೆ. 2ಬಿ ಗುಂಪಿನ ಅರ್ಥವೂ ‘ಕ್ಯಾನ್ಸರ್ ತರುತ್ತದೆ’ ಎಂದಲ್ಲ. ‘ಆಧಾರ ಸೀಮಿತವಾಗಿದೆ, ಆದರೆ ತಳ್ಳಿಹಾಕುವಂತಿಲ್ಲ’ ಎಂದು. ಬೇಲೂರಿನ ಮಲೆನಾಡು ಸೀಮೆಯಲ್ಲಿ ಬೆಳೆಯುವ ಕಾಫಿ ಕೂಡ ಮೂತ್ರಕೋಶದ ಕ್ಯಾನ್ಸರಿನ ಶಂಕೆಯಿಂದ 1991ರಲ್ಲಿ ಇದೇ 2ಬಿ ಗುಂಪಿಗೆ ಸೇರಿತ್ತು. ಹೆಚ್ಚಿನ ಅಧ್ಯಯನಗಳು ಬಂದ ಮೇಲೆ 2016ರಲ್ಲಿ ಅದನ್ನು ಆ ಗುಂಪಿನಿಂದ ತೆಗೆದರು. ಇಪ್ಪತ್ತೈದು ವರ್ಷ ಕಾಫಿ ಕುಡಿದವರೂ ಬೆಳೆದವರೂ ಗಾಬರಿಯಾಗಲಿಲ್ಲ. ಆ ಪಟ್ಟಿಯ ಸುದ್ದಿ ಅವರಿಗೆ ತಲುಪಿಯೇ ಇರಲಿಲ್ಲ.

ಭಾರತ ಹಾಕಿಕೊಂಡ ಮಿತಿ

ನಮ್ಮ ದೇಶ ಈ ವಿಷಯದಲ್ಲಿ ತಡವಾಗಿ ಎದ್ದಿತು. ಮೊದಲ ಕರೆಯಾಗಿ ಹದಿಮೂರು ವರ್ಷಗಳ ನಂತರ, 2008ರ ನವೆಂಬರಿನಲ್ಲಿ, ದೂರಸಂಪರ್ಕ ಇಲಾಖೆ ಐಸಿಎನ್‌ಐಆರ್‌ಪಿ ಮಿತಿಯನ್ನು ಟವರುಗಳಿಗೆ ಅನ್ವಯಿಸಿತು. ಜನರ ದೂರುಗಳು ಹೆಚ್ಚಿದಾಗ 2010ರ ಆಗಸ್ಟಿನಲ್ಲಿ ಹಲವು ಸಚಿವಾಲಯಗಳ ಸಮಿತಿ ರಚನೆಯಾಯಿತು. ಅದೇ ತಿಂಗಳು ಪರಿಸರ ಸಚಿವಾಲಯವೂ ಹಕ್ಕಿ, ಜೇನುಗಳ ಮೇಲೆ ಟವರಿನ ಪರಿಣಾಮ ತಿಳಿಯಲು ಇನ್ನೊಂದು ಸಮಿತಿ ನೇಮಿಸಿತು. ಐಐಟಿ ಬಾಂಬೆಯ ಪ್ರಾಧ್ಯಾಪಕ ಗಿರೀಶ್ ಕುಮಾರ್ ಮಿತಿಯನ್ನು ಬಹಳವೇ ಇಳಿಸಬೇಕೆಂದು ಅದೇ ವರ್ಷದ ಡಿಸೆಂಬರಿನಲ್ಲಿ ಇಲಾಖೆಗೆ ವರದಿ ಕೊಟ್ಟರು. ಸಚಿವಾಲಯಗಳ ಸಮಿತಿ 2011ರ ಜನವರಿಯಲ್ಲಿ ಶಿಫಾರಸು ಮಾಡಿತು.

ಫಲವಾಗಿ 2012ರ ಸೆಪ್ಟೆಂಬರ್ 1ರಿಂದ ಭಾರತ ಅಂತಾರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಪಾಲನ್ನು ತನ್ನ ಮಿತಿಯಾಗಿ ಜಾರಿಗೊಳಿಸಿತು. 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್, 1800ಕ್ಕೆ 0.9 ವ್ಯಾಟ್. ಕೈಯಲ್ಲಿ ಹಿಡಿಯುವ ಫೋನಿಗೆ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್ ಮೀರಬಾರದು ಎಂಬ, ಅಮೆರಿಕದಲ್ಲಿರುವ ನಿಯಮವನ್ನೇ ತಂದಿತು. ಮಿತಿ ಮೀರಿದ ಟವರಿಗೆ 5 ಲಕ್ಷ ರೂಪಾಯಿ ದಂಡವಿತ್ತು. 2013ರ ನವೆಂಬರಿನಲ್ಲಿ ಅದನ್ನು 10 ಲಕ್ಷಕ್ಕೆ ಏರಿಸಲಾಯಿತು. ಆಂಟೆನಾದ ಎದುರಿಗೆ, ಅದೇ ಎತ್ತರದಲ್ಲಿ ಇರುವ ಕಟ್ಟಡ ಒಂದು ಆಂಟೆನಾ ಇದ್ದರೆ 20 ಮೀಟರ್, ಎರಡಿದ್ದರೆ 35 ಮೀಟರ್, ಹನ್ನೆರಡಿದ್ದರೆ 75 ಮೀಟರ್ ದೂರದಲ್ಲಿರಬೇಕು ಎಂಬ ಕೋಷ್ಟಕವೂ ಮಾರ್ಗಸೂಚಿಯಲ್ಲಿ ಬಂತು.

ಈ ಹತ್ತನೆಯ ಒಂದು ಪಾಲು ಯಾವ ಪ್ರಯೋಗದಿಂದ ಬಂತು? ಹತ್ತಕ್ಕೆ ಇಳಿಸಿದರೆ ಇಂಥ ರೋಗ ತಪ್ಪುತ್ತದೆ ಎಂದು ಯಾರೂ ತೋರಿಸಿರಲಿಲ್ಲ. ಒತ್ತೊತ್ತಾಗಿ ಬದುಕುವ ನಮ್ಮ ದೇಶದಲ್ಲಿ ಇನ್ನಷ್ಟು ಎಚ್ಚರ ಇರಲಿ ಎಂಬ ತೀರ್ಮಾನ ಅದು. ಜನ ಕೇಳಿದ್ದರಿಂದ ಆದ ತೀರ್ಮಾನ. ನ್ಯಾಯಾಲಯಗಳೂ ಒಂದೇ ದನಿಯಲ್ಲಿ ಮಾತಾಡಿಲ್ಲ. 2006ರಲ್ಲಿ ಕೇರಳ ಹೈಕೋರ್ಟ್ ರುಜುವಾಗದ ಭಯವನ್ನೇ ಆಧಾರ ಮಾಡಿಕೊಂಡು ಗ್ರಾಮ ಪಂಚಾಯತು ಟವರನ್ನು ತಡೆಯಲಾಗದು ಎಂದಿತ್ತು. 2012ರ ನವೆಂಬರಿನಲ್ಲಿ ರಾಜಸ್ಥಾನ ಹೈಕೋರ್ಟ್ ಶಾಲೆ, ಆಸ್ಪತ್ರೆ, ಜೈಲುಗಳ ಬಳಿಯ ಟವರುಗಳನ್ನು ತೆಗೆಯಲು ಆದೇಶಿಸಿತು.

ಅಧ್ಯಯನಗಳು ಹೇಳುವುದೇನು?

2010ರಲ್ಲಿ ಪ್ರಕಟವಾದ ಹದಿಮೂರು ದೇಶಗಳ ಇಂಟರ್‌ಫೋನ್ ಅಧ್ಯಯನದಲ್ಲಿ ಒಟ್ಟಾರೆ ಮೆದುಳಿನ ಗೆಡ್ಡೆ ಹೆಚ್ಚಿದ್ದು ಕಾಣಲಿಲ್ಲ. ಆದರೆ ಅತಿ ಹೆಚ್ಚು ಹೊತ್ತು ಮಾತಾಡಿದ ಹತ್ತನೆಯ ಒಂದು ಪಾಲು ಜನರಲ್ಲಿ ಗ್ಲಯೋಮಾ ಎಂಬ ಗೆಡ್ಡೆ ತುಸು ಹೆಚ್ಚು ಕಂಡಿತು. ಹಳೆಯ ಕರೆಗಳನ್ನು ಜನ ನೆನಪಿನಿಂದ ಹೇಳಿದ್ದರಿಂದ ಅದನ್ನು ಪೂರ್ತಿ ನಂಬಲಾಗದು ಎಂದು ಅಧ್ಯಯನ ಮಾಡಿದವರೇ ಎಚ್ಚರಿಸಿದರು. 2018ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ ದಿನಕ್ಕೆ ಒಂಬತ್ತು ಗಂಟೆಯಂತೆ ಎರಡು ವರ್ಷ ಅತಿ ಹೆಚ್ಚು ಪ್ರಮಾಣಕ್ಕೆ ಒಡ್ಡಿದ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆಗಳನ್ನು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ ಕೇಳಿ ಮಾಡಿಸಿದ, 1994ರಿಂದ 2022ರವರೆಗಿನ 63 ಅಧ್ಯಯನಗಳ ಪರಿಶೀಲನೆ 2024ರಲ್ಲಿ ಪ್ರಕಟವಾಯಿತು. ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ ಎಂದು ಅದು ಹೇಳಿತು. ಹತ್ತು ವರ್ಷ ಮೀರಿ ಬಳಸಿದವರಲ್ಲಿಯೂ ಅದೇ ಫಲಿತಾಂಶ.

ಒಟ್ಟಿನಲ್ಲಿ 2011ಕ್ಕಿಂತ ಇಂದು ಭಯಕ್ಕೆ ಕಾರಣ ಕಡಿಮೆಯಾಗಿದೆ. ಇದನ್ನು ಒಪ್ಪಿಕೊಳ್ಳಲು ಹಿಂಜರಿಯಬಾರದು. ಇದಕ್ಕೆ ಕಿವಿಗೊಡದೆ ನಡೆದಾಗ ಏನಾಯಿತೆಂದು ನೋಡಿದ್ದೇವೆ. 2020ರ ಏಪ್ರಿಲಿನಲ್ಲಿ 5ಜಿಯೇ ಕೊರೋನಾ ಹರಡುತ್ತಿದೆ ಎಂದು ನಂಬಿ ಬ್ರಿಟನ್ನಿನಲ್ಲಿ ಟವರುಗಳಿಗೆ ಬೆಂಕಿ ಹಚ್ಚಿದರು. ಮರುವರ್ಷ ಎರಡನೇ ಅಲೆಯಲ್ಲಿ ನಮ್ಮ ವಾಟ್ಸಾಪುಗಳಲ್ಲೂ ಅದೇ ಸುದ್ದಿ ಹರಿದಾಡಿತು. ಆಗ ಭಾರತದಲ್ಲಿ ಎಲ್ಲಿಯೂ 5ಜಿ ಪರೀಕ್ಷೆ ಶುರುವೇ ಆಗಿಲ್ಲ ಎಂದು 2021ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಸ್ಪಷ್ಟಪಡಿಸಬೇಕಾಯಿತು. ಸೇವೆ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಆಮ್ಲಜನಕಕ್ಕಾಗಿ, ಹಾಸಿಗೆಗಾಗಿ ಕೇಳಬೇಕಾದ ಹೊತ್ತಿನಲ್ಲಿ ಜನರ ಸಿಟ್ಟು ಇಲ್ಲದ ಟವರಿನ ಕಡೆ ತಿರುಗಿತು. ಸುಳ್ಳು ಭಯದಿಂದ ಬಡವರಿಗೆ ಆಗುವ ನಷ್ಟ ಇದು.

ನಮ್ಮ ಬೀದಿಯ ಲೆಕ್ಕ

ಹಾಗಾದರೆ ಅರಸೀಕೆರೆಯ ಬೀದಿಯಲ್ಲೋ ಹಳೇಬೀಡಿನ ಕೇರಿಯಲ್ಲೋ ಇರುವವರು ಏನನ್ನು ತಿಳಿದಿರಬೇಕು?

ಮೊದಲನೆಯದು ದೂರ. ದೂರ ಎರಡು ಪಟ್ಟಾದರೆ ಅಲೆಯ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಎರಡನೆಯದು ದಿಕ್ಕು. ಟವರಿನ ಆಂಟೆನಾ ಅಲೆಯನ್ನು ನೇರ ಕೆಳಕ್ಕೆ ಸುರಿಯುವುದಿಲ್ಲ, ಮುಂದಕ್ಕೆ ಚೆಲ್ಲುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಮಹಡಿಯ ಮೇಲೆ ಆಂಟೆನಾ ಇರಿಸಿಕೊಂಡವರ ಮನೆಯೊಳಗೆ ಅಲೆ ಕಡಿಮೆ; ಎದುರು ಮನೆಯ ಮೇಲಂತಸ್ತು ಆಂಟೆನಾದ ಎತ್ತರಕ್ಕೇ ಇದ್ದರೆ ಅಲ್ಲಿ ಹೆಚ್ಚು. ತಿಂಗಳ ಬಾಡಿಗೆ ಒಬ್ಬರಿಗೆ, ಅಲೆ ಇನ್ನೊಬ್ಬರಿಗೆ! ನೆರೆಹೊರೆಯ ಜಗಳಗಳ ಮೂಲ ಇಲ್ಲಿದೆ. ಬಾಡಿಗೆ ಪಡೆಯುವವರು ತಮ್ಮ ಮಹಡಿ ತಮ್ಮ ಹಕ್ಕು ಎನ್ನುವ ಮೊದಲು ಎದುರು ಮನೆಯವರನ್ನು ಕೂರಿಸಿಕೊಂಡು ಮಾತಾಡುವುದು ನೆರೆಯ ಧರ್ಮ. ಎದುರು ಮನೆಯವರು ಕಲ್ಲು ಎತ್ತಿಕೊಳ್ಳುವ ಮೊದಲು ಅಳತೆ ಕೇಳುವುದು ವಿವೇಕ.

ಮೂರನೆಯದನ್ನು ಬಹಳ ಜನ ತಿಳಿದಿಲ್ಲ. ನಮ್ಮ ತಲೆಗೆ ತಗಲುವ ಅಲೆಯಲ್ಲಿ ದೊಡ್ಡ ಪಾಲು ದೂರದ ಟವರಿನದಲ್ಲ, ಕಿವಿಗೆ ಹಿಡಿದ ಫೋನಿನದು. ಸಿಗ್ನಲ್ ಚೆನ್ನಾಗಿದ್ದರೆ ಫೋನು ಮೆಲ್ಲನೆ ಮಾತಾಡುತ್ತದೆ. ಸಿಗ್ನಲ್ ಇಲ್ಲದ ತೋಟದಲ್ಲಿ, ಗುಡ್ಡದ ಮರೆಯಲ್ಲಿ ಅದು ತನ್ನ ಪೂರ್ತಿ ಬಲ ಹಾಕಿ ಕೂಗುತ್ತದೆ. ಟವರನ್ನು ಊರಿನಿಂದ ದೂರ ಅಟ್ಟಿದರೆ ನಮ್ಮ ಕಿವಿಯ ಪಕ್ಕದ ಅಲೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ಗಂಟೆಗಟ್ಟಲೆ ಫೋನು ಕಿವಿಗೆ ಒತ್ತಿ ಮಾತಾಡುವುದನ್ನು ಬಿಡುವುದು, ಸ್ಪೀಕರ್ ಅಥವಾ ತಂತಿಯ ಇಯರ್‌ಫೋನ್ ಬಳಸುವುದು, ಮಲಗುವಾಗ ದಿಂಬಿನಡಿ ಫೋನು ಇಡದಿರುವುದು, ಇವಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಫೋನಿನ ಎಸ್‌ಎಆರ್ ಸಂಖ್ಯೆ ಬಹುತೇಕ ಫೋನುಗಳಲ್ಲಿ *#07# ಒತ್ತಿದರೆ ಕಾಣುತ್ತದೆ. ಫೋನು ತಯಾರಿಸುವವರ ಮಾತನ್ನಷ್ಟೇ ನಂಬಬೇಕಿಲ್ಲ ಎಂಬುದಕ್ಕೂ ಉದಾಹರಣೆಯಿದೆ. 2023ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ನಿಯಂತ್ರಣ ಸಂಸ್ಥೆ ಐಫೋನ್ 12ನ್ನು ತಾನೇ ಪರೀಕ್ಷಿಸಿತು. ಕೈಯಲ್ಲಿ ಹಿಡಿದಾಗ ಅಥವಾ ಜೇಬಿನಲ್ಲಿಟ್ಟಾಗಿನ ಮಿತಿ ಕಿಲೋಗೆ 4 ವ್ಯಾಟ್ ಇರುವಲ್ಲಿ 5.74 ಬಂದದ್ದನ್ನು ಕಂಡು ಮಾರಾಟ ನಿಲ್ಲಿಸಿತು. ಕಂಪನಿ ತನ್ನ ತಂತ್ರಾಂಶವನ್ನು ತಿದ್ದಬೇಕಾಯಿತು. ಅಳೆಯುವವರಿದ್ದರೆ ಮಿತಿಗೆ ಬೆಲೆ.

ನಾಲ್ಕನೆಯದು ಮೋಸ. ನಿಮ್ಮ ಜಾಗದಲ್ಲಿ ಟವರ್ ಹಾಕುತ್ತೇವೆ, ಲಕ್ಷಗಟ್ಟಲೆ ಮುಂಗಡ, ಮನೆಯವರೊಬ್ಬರಿಗೆ ಕೆಲಸ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಬರುವ ಕರೆಗಳನ್ನು ನಂಬಿ ಹಣ ಕಳೆದುಕೊಂಡ ರೈತರು ಅನೇಕರಿದ್ದಾರೆ. ಟವರ್ ಹಾಕುವವರು ಜಾಗದ ಒಡೆಯರಿಗೆ ಬಾಡಿಗೆ ಕೊಡುತ್ತಾರೆ, ಅವರಿಂದ ಹಣ ಕೇಳುವುದಿಲ್ಲ ಎಂದು ದೂರಸಂಪರ್ಕ ಇಲಾಖೆ ಮತ್ತೆ ಮತ್ತೆ ಎಚ್ಚರಿಸಿದೆ. ಟವರಿನಿಂದ ನಮ್ಮ ಹಳ್ಳಿಗಳಿಗೆ ಆಗಿರುವ ರುಜುವಾದ ಹಾನಿಗಳಲ್ಲಿ ಇದು ಒಂದು.

ಕಾಣುವಂತೆ ನಿಲ್ಲಿಸಿ

2017ರಲ್ಲಿ ಕೇಂದ್ರ ಸರಕಾರ ‘ತರಂಗ್ ಸಂಚಾರ್’ ಎಂಬ ಜಾಲತಾಣ ತೆರೆಯಿತು. ನಮ್ಮ ಸುತ್ತಲಿನ ಟವರುಗಳು ಮಿತಿಯೊಳಗಿವೆಯೇ ಎಂದು ನೋಡುವ, 4,000 ರೂಪಾಯಿ ಶುಲ್ಕ ಕಟ್ಟಿ ನಮ್ಮ ಮನೆಯ ಬಳಿಯೇ ಅಳತೆ ಮಾಡಿಸಿಕೊಳ್ಳುವ ಏರ್ಪಾಡನ್ನು ಅಂದು ಮಾಡಿತು. ಒಳ್ಳೆಯ ಹೆಜ್ಜೆಯೇ. ಆದರೆ ಕೂಲಿ ಮಾಡುವ ಒಂದು ಕುಟುಂಬಕ್ಕೆ 4,000 ರೂಪಾಯಿ ಎಷ್ಟು ದಿನದ ದುಡಿಮೆ? ಟವರಿನ ಎದುರಿನ ಅಗ್ಗದ ಬಾಡಿಗೆ ಕೋಣೆಗಳಲ್ಲಿ ಇರುವವರು ಅವರೇ ತಾನೆ? ಒಬ್ಬರಿಗೆ ಹೊರೆಯಾಗುವ ಶುಲ್ಕ ಇಡೀ ಬೀದಿಗೆ ಹೊರೆಯಲ್ಲ. ಗ್ರಾಮ ಪಂಚಾಯತು, ಪುರಸಭೆ, ಶಾಲಾಭಿವೃದ್ಧಿ ಸಮಿತಿ, ಊರಿನ ಸಂಘ ಸಂಸ್ಥೆಗಳು ಒಮ್ಮೆ ಮುಂದಾಗಿ ಅಳತೆ ಮಾಡಿಸಿ, ಬಂದ ಸಂಖ್ಯೆಯನ್ನೂ ಮಿತಿಯನ್ನೂ ಅಕ್ಕಪಕ್ಕ ಕನ್ನಡದಲ್ಲಿ ಬರೆದು ಪಂಚಾಯತಿ ಕಚೇರಿಯ ಗೋಡೆಗೆ ಅಂಟಿಸಿದರೆ ವರ್ಷಗಳ ಜಗಳ ಮುಗಿಯಬಹುದು. ಮಿತಿಯೊಳಗಿದ್ದರೆ ತಾಯಂದಿರು ನೆಮ್ಮದಿಯಿಂದ ಮಲಗುತ್ತಾರೆ. ಮೀರಿದ್ದರೆ ದಂಡ ಹಾಕಿಸಲು ಕಾಗದ ಕೈಯಲ್ಲಿರುತ್ತದೆ.

ಹೊಯ್ಸಳರ ಕಾಲದ ಗಡಿಕಲ್ಲುಗಳನ್ನು ಊರಿನವರ ಕಣ್ಣಮುಂದೆ ನೆಟ್ಟರು. ಅದು ಎಲ್ಲಿದೆ ಎಂದು ದನ ಕಾಯುವ ಹುಡುಗನಿಗೂ ಗೊತ್ತಿತ್ತು. ನಮ್ಮ ಕಾಲದ ಗಡಿಕಲ್ಲು ಕಡತಗಳೊಳಗೆ, ಇಂಗ್ಲಿಷಿನಲ್ಲಿ, ದಶಾಂಶದ ಅಂಕಿಗಳಲ್ಲಿ ಮಲಗಿದೆ. ಅದನ್ನು ಎಬ್ಬಿಸಿ ಊರ ಬಾಗಿಲಿಗೆ ತಂದು ನಿಲ್ಲಿಸುವ ಕೆಲಸ ಸರಕಾರದ್ದು, ಕಂಪನಿಗಳದ್ದು. ಅವರು ಮಾಡದಿದ್ದರೆ ಕೇಳಿ ಮಾಡಿಸುವ ಕೆಲಸ ನಮ್ಮದು.